ಸೆರೆಗೆ ಬದಲು ಸೇವೆ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಇಂಥ ಮಹಾಸಭೆಯಲ್ಲಿ ನಾಲ್ಕು ಮಾತನಾಡಲು ನನ್ನಂಥ ಅಲ್ಪಜ್ಞನಿಗೆ ಅಪ್ಪಣೆ ದೊರೆತುದು ಶ್ರೀಗಳವರ ಕೃಪೆಯಲ್ಲದೆ ಮತ್ತೇನೂ ಅಲ್ಲ. ನಾನು ಈ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನು. ತರುವಾಯ ವಕೀಲನಾದೆ, ಆ ಮೇಲೆ ಕೆಳಗಿನ ನ್ಯಾಯಸ್ಥಾನಗಳಲ್ಲಿ ದಂಡಾಧಿಕಾರಿಯಾಗಿ ಬಹುಕಾಲ ಕೆಲಸಮಾಡಿ ನಿವೃತ್ತನಾದೆ. ಮಹೋತ್ಸವ ಸಮಿತಿಯವರು ನನ್ನನ್ನು ಕರೆದಾಗ ಮಠದ ವಿದ್ಯಾದಾನ, ಅನ್ನದಾಸೋಹ ಮುಂತಾದುವನ್ನು ಕುರಿತು ಹೇಳಬೇಕೆಂದು ಸೂಚಿಸಿದರು. ಅದನ್ನು ನನಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ಬಲ್ಲುದು ಕಳ್ಳರನ್ನೂ ಕುಡುಕರನ್ನೂ ಕುರಿತ ಸಂಗತಿ. ಹಬ್ಬದ ಮನೆಯಲ್ಲಿ ಸೆರೆಮನೆಯ ಮಾತೇಕೆಂದು ಯಾರೂ ಬೇಸರಪಡಬಾರದು. ನಮ್ಮ ಮಠಮಾನ್ಯಗಳಲ್ಲಿ ದಿನಬೆಳಗಾದರೆ ಕೇಳಿಬರುವ 'ಸೇವೆ' ಎಂಬ ಶಬ್ದವು ಈಗ ನಮ್ಮ ದೇಶದ ದಂಡಶಾಸನದೊಳಗೆ, ಅದೂ ಶಿಕ್ಷೆಗಳ ಪಟ್ಟಿಯಲ್ಲಿ, ಪ್ರವೇಶ ಮಾಡಿದೆ. ಆದಕಾರಣ ಇದು ನಮಗೆ ಸಂಬಂಧಪಟ್ಟ ವಿಷಯವೆಂದೇ ನಾನು ತಿಳಿದಿದ್ದೇನೆ.

ಅದು ಹೇಗೆಂಬುದನ್ನು ಮೊದಲು ಅರಿಕೆ ಮಾಡುತ್ತೇನೆ. ೧೮೬೦ರಲ್ಲಿ ಆಂಗ್ಲರು ಮಾಡಿದ ದಂಡಸಂಹಿತೆಯು ನೂರರುವತ್ತು ವರ್ಷಗಳಿಗೂ ಹೆಚ್ಚು ಕಾಲ ನಮ್ಮನ್ನು ಆಳಿತು. ಅದರಲ್ಲಿದ್ದ ಶಿಕ್ಷೆಗಳಾವುವೆಂದರೆ ಮರಣದಂಡನೆ, ಮುಂದೆ ಆಜೀವ ಕಾರಾವಾಸವಾಗಿ ಮಾರ್ಪಟ್ಟ ಕರಿನೀರು, ಸೆರೆವಾಸ, ಆಸ್ತಿಯ ಮುಟ್ಟುಗೋಲು, ಜುಲ್ಮಾನೆ. ಸಣ್ಣ ತಪ್ಪಿಗೆ ಇವುಗಳಲ್ಲಿ ಒದಗತಕ್ಕವು ಎರಡೇ. ಒಂದೋ ಜುಲ್ಮಾನೆ, ಇಲ್ಲವೆ ಸೆರೆ. ಜುಲ್ಮಾನೆ ಕೊಡಲಾರದವನಿಗೆ ಅದೂ ಸೆರೆಯೇ. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೪ನೆಯ ಕಲಮಿನಲ್ಲಿ ಇವುಗಳ ಸಾಲಿಗೆ 'ಸಮುದಾಯ ಸೇವೆ' ಎಂಬ ಆರನೆಯದೊಂದು ಸೇರಿತು.

ಇದು ಎಲ್ಲ ಅಪರಾಧಗಳಿಗೂ ಅಲ್ಲ, ಆರಕ್ಕೆ ಮಾತ್ರ. ಮೊದಲನೆಯ ಬಾರಿಗೆ ಅಪರಾಧಿಯೆಂದು ನಿರ್ಣಯವಾದವನು ಐದು ಸಾವಿರ ರೂಪಾಯಿಗಳಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದಿದ್ದು, ಆ ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಕುಡಿದು ಹಾದಿಬೀದಿಗಳಲ್ಲಿ ಜನರಿಗೆ ಪೀಡೆ ಕೊಡುವುದು ಎರಡನೆಯದು. ಹಳೆಯ ಸಂಹಿತೆಯಲ್ಲಿ ಇದಕ್ಕೆ ಇಪ್ಪತ್ತುನಾಲ್ಕು ಗಂಟೆಗಳ ಸಾದಾ ಸೆರೆ, ಇಲ್ಲವೆ ಹತ್ತು ರೂಪಾಯಿ ಜುಲ್ಮಾನೆ ಇದ್ದಿತು. ಈಗ ಹತ್ತು ಸಾವಿರವಾಗದೆ ಒಂದು ಸಾವಿರವಾದುದು ಕುಡುಕರ ಭಾಗ್ಯ. ಮಿಕ್ಕವು ಮಾನನಷ್ಟ, ನ್ಯಾಯಸ್ಥಾನದ ಘೋಷಣೆಯಾದರೂ ಹಾಜರಾಗದಿರುವುದು, ಸರ್ಕಾರಿ ನೌಕರನು ನಿಷಿದ್ಧವಾದ ವ್ಯಾಪಾರ ಮಾಡುವುದು, ಅಧಿಕಾರಿಯ ಕೈಕಟ್ಟಲೆಂದು ಆತ್ಮಹತ್ಯೆಗೆ ತೊಡಗುವುದು. ಮೊದಲೆರಡನ್ನು ಬಿಟ್ಟರೆ ಉಳಿದವು ನಮ್ಮ ಹಳ್ಳಿಯ ಬಡವನಿಗೆ ಅಷ್ಟಾಗಿ ತಟ್ಟುವಂಥವಲ್ಲ.

ಈ ಆಲೋಚನೆ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಇಂಗ್ಲೆಂಡಿನಲ್ಲಿ ಬಾರ್ಬರಾ ವೂಟನ್ ಎಂಬ ವಿದುಷಿಯ ನೇತೃತ್ವದ ಸಮಿತಿಯು ೧೯೭೦ರಲ್ಲಿ ಇದನ್ನು ಸೂಚಿಸಿತು, ೧೯೭೨ರಲ್ಲಿ ಕಾನೂನಾಯಿತು, ಮರುವರ್ಷ ಆರು ಪ್ರಾಂತಗಳಲ್ಲಿ ಪರೀಕ್ಷಾರ್ಥವಾಗಿ ಆರಂಭವಾಯಿತು. ಕನಿಷ್ಠ ನಲವತ್ತು ಗಂಟೆ, ಗರಿಷ್ಠ ಇನ್ನೂರ ನಲವತ್ತು ಗಂಟೆ ದುಡಿಮೆ. ಅಪರಾಧಿಯು ಒಪ್ಪಿದರೆ ಮಾತ್ರ. ನಮ್ಮ ದೇಶದಲ್ಲಿಯೂ ೧೯೭೮ರಲ್ಲಿ ದಂಡಸಂಹಿತೆಯನ್ನು ತಿದ್ದುವ ಮಸೂದೆಯೊಂದು ರಾಜ್ಯಸಭೆಯ ಒಪ್ಪಿಗೆ ಪಡೆಯಿತು. ಅದರಲ್ಲಿ ಈ ಶಿಕ್ಷೆಯೂ ಇದ್ದಿತು. ೧೯೭೯ರಲ್ಲಿ ಲೋಕಸಭೆಯೇ ವಿಸರ್ಜನೆಯಾಗಲು ಮಸೂದೆಯೂ ಅದರೊಡನೆ ಅಳಿಯಿತು. ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ನೇತೃತ್ವದ ಸಮಿತಿಯು ೨೦೦೩ರ ವರದಿಯಲ್ಲಿ, ಜುಲ್ಮಾನೆ ಕೊಡಲಾರದವನನ್ನು ಸೆರೆಗೆ ನೂಕುವ ಬದಲು ಇಂಥ ಸೇವೆಗೆ ಹಚ್ಚಬೇಕೆಂದು ಹೇಳಿತು. ಅಪ್ರಾಪ್ತ ಬಾಲಕರ ವಿಷಯದಲ್ಲಾದರೋ ೨೦೦೦ದ ಕಾನೂನಿನಲ್ಲಿಯೇ ಇದಕ್ಕೆ ಎಡೆಯಿದ್ದಿತು. ದೊಡ್ಡವರ ಪಾಲಿಗೆ ಬರಲು ಇಷ್ಟು ಕಾಲ ಹಿಡಿಯಿತು.

ಸೆರೆಯಲ್ಲಿ ಕೇಡೇನು? ತಪ್ಪು ಮಾಡಿದವನು ನಾಲ್ಕು ದಿನ ಒಳಗಿದ್ದರೆ ಬುದ್ಧಿ ಬರುವುದಿಲ್ಲವೆ? ಎಂದು ಕೇಳುವವರುಂಟು. ನಾನೂ ಹಾಗೆಯೇ ತಿಳಿದವನಾಗಿದ್ದೆ. ಅಧಿಕಾರಕ್ಕೆ ಬಂದ ಹೊಸತರಲ್ಲಿ ಒಬ್ಬ ಕೃಷಿಕೂಲಿಯವನನ್ನು ನನ್ನೆದುರು ತಂದು ನಿಲ್ಲಿಸಿದರು. ಒಬ್ಬ ಒಕ್ಕಲಿಗರ ಕಣದಿಂದ ನೇಗಿಲ ಕುಳವೊಂದನ್ನು ಕದ್ದು ಗುಜರಿಯವನಿಗೆ ಮಾರಿದ್ದ. ತಪ್ಪೊಪ್ಪಿಕೊಂಡ. ನಾನು ಜುಲ್ಮಾನೆ ಹಾಕಿದೆ, ಕೊಡದಿದ್ದರೆ ಹತ್ತು ದಿನ ಸೆರೆ ಎಂದೆ. ಅವನಲ್ಲಿ ಹಣವಿರಲಿಲ್ಲ, ಇದ್ದಿದ್ದರೆ ಕುಳವನ್ನು ಕದಿಯುತ್ತಿರಲೂ ಇಲ್ಲ. ಹತ್ತು ದಿನ ಒಳಗಿದ್ದು ಬಂದ. ಅದು ಸುಗ್ಗಿಯ ಕಾಲ. ವರ್ಷವೆಲ್ಲ ಮನೆ ನಡೆಯತಕ್ಕ ಕಾಳು ಆ ದಿನಗಳಲ್ಲಿಯೇ ಕೂಲಿಯಾಗಿ ದೊರೆಯತಕ್ಕುದು. ಅವನ ಜಾಗಕ್ಕೆ ಬೇರೊಬ್ಬನನ್ನು ಗೊತ್ತುಮಾಡಿದ್ದರು. ಇದಕ್ಕಿಂತ ಹೆಚ್ಚಿನದು ಇನ್ನೊಂದುಂಟು. ಆ ಊರಿನಲ್ಲಿ ಅವನಿಗೆ 'ತುರಂಗದಾಂವ' ಎಂಬ ಅಡ್ಡಹೆಸರು ಅಂಟಿತು. ಕೆಲವು ವರ್ಷಗಳ ಮೇಲೆ ಬೇರೆ ಕೆಲಸಕ್ಕೆಂದು ಆ ಊರಿಗೆ ಹೋದಾಗ, ಶಾಲೆಯ ಹುಡುಗರು ಅವನ ಮಗನನ್ನು 'ತುರಂಗದಾಂವನ ಮಗ' ಎಂದು ಕರೆಯುವುದನ್ನು ಕಿವಿಯಾರೆ ಕೇಳಿದೆ. ನಾನು ವಿಧಿಸಿದುದು ಹತ್ತು ದಿನ. ಆ ಹುಡುಗನಿಗೆ ಶಿಕ್ಷೆ ವಿಧಿಸಿದವರು ಯಾರು?

ಇಲ್ಲಿ ನನ್ನ ತಪ್ಪನ್ನು ಮರೆಮಾಚಲಾರೆ. ಮೊದಲ ಸಲ ತಪ್ಪಿದವನಿಗೆ ಎಚ್ಚರಿಕೆ ಹೇಳಿ ಬಿಡಲು, ಇಲ್ಲವೆ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡು ಬಿಡಲು ೧೯೫೮ರ ಪ್ರೊಬೇಷನ್ ಕಾನೂನು ಅಧಿಕಾರ ಕೊಟ್ಟಿದ್ದಿತು. ಆ ಹೊತ್ತಿಗೆ ಅದು ನನ್ನ ಮೇಜಿನ ಮೇಲೆಯೇ ಇದ್ದರೂ ಇರಬಹುದು. ನಾನು ತೆರೆದು ನೋಡಲಿಲ್ಲ. ಕಳ್ಳನನ್ನು ಬರಿಗೈಯಲ್ಲಿ ಬಿಟ್ಟರೆ ಕುಳ ಕಳೆದುಕೊಂಡ ರೈತನು ಏನೆಂದಾನು ಎಂಬ ಅಳುಕೂ ಇದ್ದಿತು. ಆ ಅಳುಕು ಅನ್ಯಾಯದ್ದೇನೂ ಅಲ್ಲ. ಬಿಟ್ಟುಬಿಡುವುದಕ್ಕೂ ಸೆರೆಗೆ ಕಳುಹಿಸುವುದಕ್ಕೂ ನಡುವೆ ಒಂದು ಹಾದಿ ಬೇಕಾಗಿದ್ದಿತು. ಅದೇ ಈಗ ದೊರೆತಿರುವುದು. ಹಗಲು ಊರಿಗಾಗಿ ದುಡಿದು ರಾತ್ರಿ ಹೆಂಡಿರು ಮಕ್ಕಳೊಡನೆ ಉಣ್ಣುವ ಶಿಕ್ಷೆಯಾಗಿದ್ದರೆ ರೈತನಿಗೂ ಸಮಾಧಾನವಾಗುತ್ತಿತ್ತು, ಇವನ ಸುಗ್ಗಿಯೂ ಪೂರ್ತಿ ಹಾಳಾಗುತ್ತಿರಲಿಲ್ಲ.

ಹಾಗೆಂದು ಇದರಿಂದ ಸೆರೆಮನೆಗಳೆಲ್ಲ ಬರಿದಾಗುವುವೆಂದು ಯಾರೂ ಭ್ರಮಿಸಬಾರದು. ೨೦೨೨ರ ಡಿಸೆಂಬರ್ ೩೧ರಂದು ನಮ್ಮ ದೇಶದ ಸೆರೆಮನೆಗಳಲ್ಲಿದ್ದವರು ೫,೭೩,೨೨೦ ಮಂದಿ; ಅಲ್ಲಿದ್ದ ಸ್ಥಳವೋ ೪,೩೬,೨೬೬ ಮಂದಿಗೆ ಮಾತ್ರ. ಅವರಲ್ಲಿ ೪,೩೪,೩೦೨ ಮಂದಿ, ಎಂದರೆ ನಾಲ್ವರಲ್ಲಿ ಮೂವರು, ಇನ್ನೂ ವಿಚಾರಣೆಯೇ ಮುಗಿಯದವರು. ಸಮುದಾಯ ಸೇವೆಯಾದರೋ ಅಪರಾಧ ಸಿದ್ಧವಾದವನಿಗೆ ವಿಧಿಸತಕ್ಕ ಶಿಕ್ಷೆ. ಜಾಮೀನು ಕೊಡುವವರಿಲ್ಲದೆ ಒಳಗೆ ಕೊಳೆಯುವವನಿಗೆ ಇದರಿಂದ ಆಗತಕ್ಕ ಉಪಕಾರವೇನೂ ಇಲ್ಲ. ಅದು ಬೇರೆ ರೋಗ, ಅದಕ್ಕೆ ಬೇರೆ ಮದ್ದು ಬೇಕು. ಇನ್ನೊಂದು ತೊಡಕೂ ಇದೆ. ಕದ್ದುದರ ಬೆಲೆಯನ್ನು ಹಿಂದಿರುಗಿಸಬೇಕೆಂಬ ನಿಯಮ ನ್ಯಾಯವಾದುದೇ. ಆದರೆ ಹಸಿವಿನಿಂದ ಜೋಳ ಕದ್ದು ಉಂಡವನು ಹಿಂದಿರುಗಿಸುವುದು ಏನನ್ನು? ಹಣವುಳ್ಳ ಕಳ್ಳನಿಗೆ ಸೇವೆ, ಹಣವಿಲ್ಲದ ಕಳ್ಳನಿಗೆ ಸೆರೆ ಎಂದಾದರೆ ನಾವು ಮೊದಲಿದ್ದಲ್ಲಿಗೇ ಬಂದು ನಿಂತೆವು.

ಮತ್ತೆ ಕೆಲವರು, "೨೦೨೪ರ ಮೇ ತಿಂಗಳಲ್ಲಿ ಪುಣೆಯಲ್ಲಿ ನಡೆದುದನ್ನು ಮರೆತಿರಾ?" ಎಂದು ಕೇಳುತ್ತಾರೆ. ಹದಿನೇಳು ವರ್ಷದ ಸಿರಿವಂತರ ಹುಡುಗನೊಬ್ಬ ಓಡಿಸುತ್ತಿದ್ದ ಕಾರು ತಾಗಿ ಇಬ್ಬರು ಸತ್ತರು. ಬಾಲನ್ಯಾಯ ಮಂಡಲಿಯು ಮುನ್ನೂರು ಶಬ್ದಗಳ ಪ್ರಬಂಧ ಬರೆಯಬೇಕು, ಹದಿನೈದು ದಿನ ಸಂಚಾರಿ ಪೋಲೀಸರೊಡನೆ ಕೆಲಸ ಮಾಡಬೇಕು ಎಂದು ಹೇಳಿ ಬಿಡುಗಡೆ ಮಾಡಿತು. ದೇಶವೆಲ್ಲ ಸಿಟ್ಟಿಗೆದ್ದಿತು, ಕೆಲವೇ ದಿನಗಳಲ್ಲಿ ಮಂಡಲಿಯು ಆಜ್ಞೆಯನ್ನು ಬದಲಿಸಿ ಹುಡುಗನನ್ನು ವೀಕ್ಷಣಾಲಯಕ್ಕೆ ಕಳುಹಿಸಿತು. ಅದು ಜಾಮೀನಿನ ಷರತ್ತಾಗಿದ್ದಿತೇ ಹೊರತು ಶಿಕ್ಷೆಯಲ್ಲ. ಅದು ಸಣ್ಣ ಅಪರಾಧವೂ ಅಲ್ಲ. ಆದರೂ ಜನರ ಸಿಟ್ಟಿನಲ್ಲಿ ಒಂದು ನಿಜವಿದೆ. ದುಡಿಮೆಯು ಬರಿಯ ತೋರಿಕೆಯಾದರೆ, ಸಿರಿವಂತನ ಪಾಲಿಗೆ ಅದೊಂದು ಆಟವಾದರೆ, ಈ ಶಿಕ್ಷೆಯ ಮೇಲಿನ ನಂಬಿಕೆಯೇ ಸತ್ತುಹೋಗುವುದು. ತೂಕವಿಲ್ಲದ ಶಿಕ್ಷೆಯನ್ನು ಜನ ಬಹುಕಾಲ ಸಹಿಸರು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಕಾನೂನಿನಲ್ಲಿ ಈ ಸೇವೆ ಎಂದರೇನೆಂಬುದಕ್ಕೆ ಒಂದೇ ವಾಕ್ಯದ ವಿವರಣೆಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೨೩ನೆಯ ಕಲಮಿನ ಪ್ರಕಾರ ಅದು ನ್ಯಾಯಸ್ಥಾನವು ಶಿಕ್ಷಾರೂಪವಾಗಿ ಮಾಡಿಸತಕ್ಕ, ಸಮುದಾಯಕ್ಕೆ ಹಿತವಾದ, ಸಂಬಳವಿಲ್ಲದ ಕೆಲಸ. ಎಷ್ಟು ಗಂಟೆ, ಎಲ್ಲಿ, ಯಾರ ಕೈಕೆಳಗೆ, ಎಂಥ ಕೆಲಸ ಎಂಬುದೊಂದೂ ಆ ಸಂಹಿತೆಗಳಲ್ಲಿಲ್ಲ. ಹೀಗೆ ಖಾಲಿ ಬಿಟ್ಟ ಎಡೆಯಲ್ಲಿ ನಮ್ಮ ಮನಸ್ಸಿಗೆ ಥಟ್ಟನೆ ಹೊಳೆಯುವ ಕೆಲಸ ಯಾವುದು? ಕಸ ಗುಡಿಸುವುದು. ಬಸ್ಸಿನ ನಿಲ್ದಾಣವನ್ನೋ ಆಸ್ಪತ್ರೆಯ ಶೌಚಾಲಯವನ್ನೋ ತೊಳೆಯುವುದು. ಇದನ್ನು ನೆನೆದಾಗಲೆಲ್ಲ ನನಗೆ ನಮ್ಮ ಪ್ರಸಾದನಿಲಯದ ಒಂದು ಸಂಗತಿ ಕಣ್ಣಮುಂದೆ ಬರುತ್ತದೆ.

ನಾನೂ ಇನ್ನಿಬ್ಬರು ಹುಡುಗರೂ ಒಂದು ರಾತ್ರಿ ಉಗ್ರಾಣ ಹೊಕ್ಕು ಶೇಂಗಾ ಬೆಲ್ಲ ಕದ್ದು ತಿಂದೆವು. ಬೆಳಗಾಗುವುದರೊಳಗೆ ಸಿಕ್ಕಿಬಿದ್ದೆವು. ಮೇಲ್ವಿಚಾರಕರಾಗಿದ್ದ ಮಾಸ್ತರರು ಹೊಡೆಯುವವರಲ್ಲ. ಎಂಟು ದಿನ ಅಂಗಳದ ಕಸ ಹೊಡೆಯಬೇಕೆಂದು ವಿಧಿಸಿದರು. ಉಳಿದ ಹುಡುಗರು ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದರು. ನಾವು ಮುಖ ಕೆಳಗೆ ಹಾಕಿ ಪೊರಕೆ ಹಿಡಿದಿದ್ದೆವು. ಮಠದ ಅಂಗಳವನ್ನು ಪ್ರತಿದಿನ ನಸುಕಿನಲ್ಲೆದ್ದು ಗುಡಿಸುತ್ತಿದ್ದ ಮುದುಕರೊಬ್ಬರಿದ್ದರು. ನಾವೆಲ್ಲ ಅವರನ್ನು ಅಜ್ಜ ಎನ್ನುತ್ತಿದ್ದೆವು. ಅವರು ಆ ದಿನ ನೆಟ್ಟಗೆ ಮಾಸ್ತರರ ಮುಂದೆ ಬಂದು ನಿಂತು, "ನಂದೇನು ತಪ್ಪಾಗೇತ್ರಿ ಮಾಸ್ತರ? ಈ ಹುಡುಗರಿಗೆ ಎಂಟು ದಿವಸದ ಶಿಕ್ಷಾ. ನನಗ ಮೂವತ್ತು ವರ್ಷದ್ದು ಆತಲ್ರಿ," ಎಂದರು. ಮಾಸ್ತರರಿಂದ ಉತ್ತರ ಹೊರಡಲಿಲ್ಲ. ಮರುದಿನ ಬೆಳಿಗ್ಗೆ ನಮ್ಮನ್ನು ಕರೆದು, "ಇವೊತ್ತಿನಿಂದ ನೀವು ಅಜ್ಜನ ಕೂಡ ಏಳಬೇಕು, ಅವರು ಹೇಳಿದ ಹಾಗೆ ಮಾಡಬೇಕು, ಅವರು ಸಾಕೆಂದಾಗ ಸಾಕು," ಎಂದರು. ಕಟ್ಟೆಯ ಮೇಲಿನವರನ್ನೂ ಎಬ್ಬಿಸಿ ಕಳುಹಿಸಿದರು.

ಅಂದಿನಿಂದ ಕೆಲಸ ಮೊದಲಿಗಿಂತ ಕಠಿಣವಾಯಿತು. ಅಜ್ಜ ಮೂಲೆಯ ಕಸವನ್ನು ಬಿಡಗೊಡುತ್ತಿರಲಿಲ್ಲ. ನೀರು ಚಿಮುಕಿಸದೆ ಗುಡಿಸಿದರೆ ಮತ್ತೊಮ್ಮೆ ಮಾಡಿಸುತ್ತಿದ್ದರು. ಆದರೆ ನಾಚಿಕೆ ಹೋಗಿತ್ತು. ನಾವು ಅವರ ಕೈಕೆಳಗಿನ ಕಲಿಯುವವರಾಗಿದ್ದೆವು. ಪೊರಕೆ ಅದೇ, ಅಂಗಳ ಅದೇ. ಆ ವ್ಯತ್ಯಾಸವನ್ನು ಯಾವ ಕಾನೂನಿನ ಪುಸ್ತಕದಲ್ಲಿಯೂ ನಾನು ಅಷ್ಟು ಚೆನ್ನಾಗಿ ಓದಿದವನಲ್ಲ.

ನಮ್ಮ ಊರುಗಳ ಬೀದಿಗಳನ್ನು ದಿನವೂ ಗುಡಿಸುವ ಪೌರಕಾರ್ಮಿಕರು ಯಾವ ಅಪರಾಧ ಮಾಡಿದವರು? ಅವರು ಮಾಡುವ ಕೆಲಸವನ್ನೇ ಕಳ್ಳನಿಗೂ ಕುಡುಕನಿಗೂ ಅವಮಾನಕ್ಕೆಂದು ಕೊಟ್ಟರೆ, ಆ ಅವಮಾನದ ಅರ್ಧಪಾಲು ಅವರಿಗೇ ಸಲ್ಲುತ್ತದೆ. ಇಂಗ್ಲೆಂಡಿನಲ್ಲಿ ೨೦೦೮ರ ಡಿಸೆಂಬರಿನಿಂದ ಇಂಥ ಅಪರಾಧಿಗಳಿಗೆ ಬೆನ್ನಮೇಲೆ ದೊಡ್ಡ ಅಕ್ಷರಗಳನ್ನು ಬರೆದ ಕಿತ್ತಳೆ ಬಣ್ಣದ ಅಂಗಿ ತೊಡಿಸತೊಡಗಿದರು. ಸಾಲ ತೀರಿಸುವವರನ್ನು ಜನರು ಕಣ್ಣಾರೆ ಕಾಣಲಿ ಎಂಬುದು ಅದರ ಉದ್ದೇಶ. ಜನರಿಗೆ ಭರವಸೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬೆನ್ನಿಗೆ ಹಲಗೆ ಕಟ್ಟಿ ಬೀದಿಯಲ್ಲಿ ನಿಲ್ಲಿಸುವುದಾದರೆ ತುರಂಗದ ಅಡ್ಡಹೆಸರನ್ನು ನಾವು ಗೋಡೆಯ ಹೊರಗೆ ತಂದು ಹಂಚಿದಂತಾಗುವುದು. ಆಫ್ರಿಕದ ಜಿಂಬಾಬ್ವೆಯವರು ೧೯೯೨ರಲ್ಲಿ ಈ ಪದ್ಧತಿಯನ್ನು ತಂದಾಗ ಹಿಡಿದ ದಾರಿ ನನಗೆ ಮೆಚ್ಚಿಕೆಯಾಗಿದೆ. ಅವರು ತಪ್ಪಿತಸ್ಥನನ್ನು ಅವನ ಮನೆಗೆ ಹತ್ತಿರದ ಶಾಲೆಗೋ ಆಸ್ಪತ್ರೆಗೋ ಕಳುಹಿಸಿ, ಆ ಸಂಸ್ಥೆಯವರ ಮೇಲ್ವಿಚಾರಣೆಯಲ್ಲಿ ದುಡಿಸಿದರು. ಬಡ ದೇಶ, ಹೊಸ ಕಟ್ಟಡ ಬೇಕಾಗಲಿಲ್ಲ. ೧೯೯೭ರಲ್ಲಿ ಆಫ್ರಿಕದ ಇತರ ದೇಶಗಳವರು ಅಲ್ಲಿನ ಕಡೋಮ ಪಟ್ಟಣದಲ್ಲಿ ಸಭೆ ಸೇರಿ ಈ ಪದ್ಧತಿಯನ್ನು ಮುಂದುವರಿಸುವ ನಿರ್ಣಯ ಮಾಡಿದರು.

ಇದು ಬಿಟ್ಟಿಯಲ್ಲವೆ ಎಂಬ ಶಂಕೆಯೂ ಸಹಜವಾದುದೇ. ಗೌಡರ ಹೊಲದಲ್ಲಿ, ಅಧಿಕಾರಿಯ ಬಂಗಲೆಯಲ್ಲಿ ಬಿಟ್ಟಿ ದುಡಿದವರ ಮಕ್ಕಳು ಈ ಸಭೆಯಲ್ಲಿಯೂ ಇದ್ದೀರಿ. ನಮ್ಮ ರಾಜ್ಯಾಂಗದ ೨೩ನೆಯ ಅನುಚ್ಛೇದವು ಬಿಟ್ಟಿಯನ್ನು ನಿಷೇಧಿಸಿದೆ. ಸಾರ್ವಜನಿಕ ಕಾರ್ಯಕ್ಕಾಗಿ ಸರ್ಕಾರವು ಕಡ್ಡಾಯ ಸೇವೆಯನ್ನು ವಿಧಿಸಬಹುದೆಂದಿದ್ದರೂ, ಅದರಲ್ಲಿ ಮತ, ಕುಲ, ಜಾತಿ, ವರ್ಗಗಳ ಭೇದ ಮಾಡಕೂಡದೆಂದೂ ಅಲ್ಲಿಯೇ ಬರೆದಿದೆ. ಸೆರೆಮನೆಯಲ್ಲಿ ಕಠಿಣ ಶಿಕ್ಷೆ ಅನುಭವಿಸುವವನ ದುಡಿಮೆಗೂ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೯೮ರಲ್ಲಿ ತೀರ್ಮಾನಿಸಿತು. ಹೊರಗೆ ದುಡಿಯುವ ಇವನಿಗೆ ಕೂಲಿಯಿಲ್ಲ. ಆದಕಾರಣ ಇವನ ದುಡಿಮೆ ಯಾವನೊಬ್ಬನ ಲಾಭಕ್ಕೂ ಸಲ್ಲಬಾರದು. ಜಾತಿ ನೋಡಿ ಒಬ್ಬನಿಗೆ ಪೊರಕೆ, ಇನ್ನೊಬ್ಬನಿಗೆ ಪುಸ್ತಕಾಲಯದ ಕಪಾಟು ಹಂಚುವ ಕೆಲಸ ನಡೆದರಂತೂ ಹಳೆಯ ಬಿಟ್ಟಿಯೇ ಹೊಸ ಹೆಸರಿನಿಂದ ಬಂದಂತೆ.

ಶರಣ ಬಂಧುಗಳೆ, ಹೆಸರಿನ ಮಾತು ಬಂದುದರಿಂದ ಒಂದು ವಿಜ್ಞಾಪನೆ. ಈಚೆಗೆ ನನ್ನ ಗೆಳೆಯರೊಬ್ಬರು ಇದನ್ನು 'ಕಾಯಕ ಶಿಕ್ಷೆ' ಎಂದು ಕರೆಯಬೇಕೆಂದು ಉತ್ಸಾಹದಿಂದ ಹೇಳಿದರು. ದಯವಿಟ್ಟು ಹಾಗೆ ಕರೆಯುವುದು ಬೇಡ. ಆಯ್ದಕ್ಕಿ ಮಾರಯ್ಯನವರು ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದ ಕಥೆಯನ್ನು ನಾವೆಲ್ಲ ಬಲ್ಲೆವು. ಹೆಚ್ಚಿನದನ್ನು ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿದ್ದಿತು. ಕಾಯಕದ ಜೀವ ಅದರಲ್ಲಿಯೇ ಇದೆ. ನ್ಯಾಯಾಧೀಶನ ಅಪ್ಪಣೆಗೆ ಅಂಜಿ ಮಾಡುವ ಕೆಲಸ ದುಡಿಮೆಯಾದೀತು, ಸಾಲ ತೀರಿಸಿದಂತಾದೀತು. ಕಾಯಕವಾಗದು, ದಾಸೋಹವೂ ಆಗದು. ಅಜ್ಜನ ಪೊರಕೆಯೂ ನಮ್ಮ ಪೊರಕೆಯೂ ಆ ಎಂಟು ದಿನ ಜೊತೆಜೊತೆಯಾಗಿ ಆಡಿದರೂ ಎರಡೂ ಒಂದೇ ಆಗಿರಲಿಲ್ಲ.

ಹಾಗಾದರೆ ಮಠಗಳು ಇದರಲ್ಲಿ ಮಾಡತಕ್ಕುದೇನಾದರೂ ಉಂಟೆ? ಉಂಟೆಂದೇ ನನ್ನ ಭಾವನೆ. ದಂಡಾಧಿಕಾರಿಗೆ ಮನಸ್ಸಿದ್ದರೂ ಕಳುಹಿಸಲು ಸ್ಥಳವಿಲ್ಲದಿದ್ದರೆ ಅವನು ಮತ್ತೆ ಸೆರೆಯ ಅಥವಾ ಜುಲ್ಮಾನೆಯ ಹಾದಿಯನ್ನೇ ಹಿಡಿಯುತ್ತಾನೆ, ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮಠದ ಆಶ್ರಯದಲ್ಲಿ ಶಾಲೆಗಳಿವೆ, ಔಷಧಾಲಯವಿದೆ, ಹೂಳು ತುಂಬಿದ ಕೆರೆಯೊಂದು ಊರ ಮುಂದೆಯೇ ಇದೆ. ಗರ್ಭಗುಡಿಯ, ಗದ್ದುಗೆಯ ಸುತ್ತಣ ಕೆಲಸಕ್ಕೆ ಇವರನ್ನು ಕರೆಯಬಾರದು. ಬರುವವನು ಯಾವ ಮತದವನೋ. ನ್ಯಾಯಸ್ಥಾನದ ಅಪ್ಪಣೆಯಿಂದ ಯಾರನ್ನೂ ಯಾವ ದೇವರ ಮುಂದೆಯೂ ನಿಲ್ಲಿಸತಕ್ಕುದಲ್ಲ. ಮಠದ ಹೊಲಗದ್ದೆಗಳಿಗೂ ಇವರು ಬೇಡ, ಅದು ಬಿಟ್ಟಿಯಾಗುತ್ತದೆ. ಈಗ ಸಂಬಳಕ್ಕಿರುವ ಒಬ್ಬ ಆಳನ್ನಾದರೂ ಇವರ ದೆಸೆಯಿಂದ ಬಿಡಿಸಕೂಡದು. ಬಡಗಿಯಾದವನು ಶಾಲೆಯ ಮುರಿದ ಬೆಂಚು ರಿಪೇರಿ ಮಾಡಲಿ. ಓದುಬಲ್ಲ ಸರ್ಕಾರಿ ನೌಕರನು ಮುದುಕರ ಪಿಂಚಣಿಯ ಅರ್ಜಿ ಬರೆದುಕೊಡಲಿ. ಏನೂ ಬಾರದವನು ಬಲ್ಲವನೊಬ್ಬನ ಪಕ್ಕದಲ್ಲಿ ನಿಂತು ದುಡಿಯಲಿ. ಕೂಲಿಯವನಾದರೆ ಅವನ ಕೂಲಿಯ ದಿನಗಳನ್ನು ಬಿಟ್ಟು ಉಳಿದ ಹೊತ್ತಿನಲ್ಲಿ ಗಂಟೆಗಳ ಲೆಕ್ಕ ತುಂಬಿಸಿಕೊಳ್ಳಲು ನ್ಯಾಯಸ್ಥಾನವನ್ನು ಬೇಡಿಕೊಳ್ಳೋಣ. ಲೆಕ್ಕ ಮಾತ್ರ ಕಟ್ಟುನಿಟ್ಟಾಗಿರಬೇಕು. ಬಾರದವನನ್ನು ಬಂದನೆಂದು ಬರೆದರೆ ನಾವೂ ಅಪರಾಧಿಗಳೇ. ಛಾಯಾಚಿತ್ರ ತೆಗೆದು ಪತ್ರಿಕೆಗೆ ಕಳುಹಿಸುವ ಚಪಲವನ್ನು ಕಾರ್ಯಕರ್ತರು ಬಿಡಬೇಕು.

ಮಧ್ಯಾಹ್ನ ಅವರ ಊಟದ ಪ್ರಶ್ನೆಯನ್ನು ಸಮಿತಿಯ ಹಿರಿಯರೊಬ್ಬರು ನನ್ನೊಡನೆ ನಿನ್ನೆ ಎತ್ತಿದರು. ದಾಸೋಹದ ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು ಪ್ರಸಾದ ಸ್ವೀಕರಿಸಲಿ. ಬೇರೆ ಸಾಲು ಬೇಡ.

ಶ್ರೀಗಳವರ ಅಪ್ಪಣೆಯಾದರೆ, ಇಷ್ಟು ಮಂದಿಗೆ ಇಂಥಿಂಥ ಕೆಲಸ ಕೊಡಲು ನಮ್ಮ ಸಂಸ್ಥೆ ಸಿದ್ಧವಿದೆ, ಮೇಲ್ವಿಚಾರಕರು ಇಂಥವರು, ದಿನಚರಿಯ ಪುಸ್ತಕ ಹೀಗಿರುತ್ತದೆ ಎಂದು ಜಿಲ್ಲೆಯ ಪ್ರಧಾನ ನ್ಯಾಯಾಧೀಶರಿಗೆ ಒಂದು ಪತ್ರ ಬರೆಯಬಹುದು. ಅದರ ಕರಡನ್ನು ನಾನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಸಮಿತಿಯವರ ಕೈಗೆ ಒಪ್ಪಿಸುತ್ತೇನೆ.